ಹಳೆಯ ಜೀಪಿನ ವಹಿಯಲ್ಲಿ ಮೂರನೆಯ ಪುಟ

ಪೆಟ್ರೋಲ್ ಬಂಕು, ತರಕಾರಿ ಮಾರುಕಟ್ಟೆ, ಮದುವೆ ಮಂಟಪ, ಎಲ್ಲಿ ಜೀಪು ನಿಲ್ಲಿಸಿದರೂ ಯಾರಾದರೊಬ್ಬರು ಬಂದು ಬಾನೆಟ್ಟಿನ ಮೇಲೆ ಕೈಯಿಟ್ಟು ಕೇಳುತ್ತಾರೆ: ‘ಎಲ್ಲ ಸೇರಿ ಎಷ್ಟಾಯಿತು, ಸರ್?’ ‘ಮೂರು ಲಕ್ಷ’ ಎನ್ನುತ್ತೇನೆ. ಹೊಸ ಥಾರ್ ಜೀಪಿನ ಬೆಲೆಯನ್ನು ಮನಸ್ಸಿನಲ್ಲೇ ಪಕ್ಕಕ್ಕಿಟ್ಟು ನೋಡಿದ ಕೂಡಲೇ ಅವರ ಮುಖ ಅರಳುತ್ತದೆ. ಹೇಳಿದ್ದು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಇಪ್ಪತ್ತೆರಡು ವರ್ಷ ಮಕ್ಕಳಿಗೆ ಗಣಿತ ಹೇಳಿಕೊಟ್ಟವನು ಹೀಗೆ ಲೆಕ್ಕ ಮುಚ್ಚಿಡಬಾರದು. ಕಳೆದ ವಾರ ಜೀಪಿನ ಫೋಟೊ ಹಾಕಿದ ಮೇಲೆ ಹತ್ತಾರು ಹುಡುಗರು ಅದೇ ಪ್ರಶ್ನೆ ಕೇಳಿದ್ದರಿಂದ ಇವತ್ತು ಖರ್ಚಿನ ವಹಿಯನ್ನೇ ಬಿಚ್ಚಿಡುತ್ತಿದ್ದೇನೆ.

ವಹಿಯಲ್ಲಿ ಮೂರು ಪುಟಗಳಿವೆ. ಮೊದಲನೆಯದು ‘ಕೊಂಡದ್ದು’: ಕಾಗದಪತ್ರದ ಖರ್ಚೂ ಸೇರಿ 1,76,000. ಎರಡನೆಯದು ‘ರಿಪೇರಿ’: 1,25,000. ಮೂರನೆಯ ಪುಟದ ತಲೆಯ ಮೇಲೆ ನನ್ನ ಹೆಂಡತಿ ತನ್ನ ಕೈಯಾರೆ ‘ದಂಡ’ ಎಂದು ಬರೆದಿದ್ದಾಳೆ: 61,900. ರಿಪೇರಿಗೆ ಹಾಕಿದ್ದರ ಹೆಚ್ಚುಕಡಿಮೆ ಅರ್ಧ. ಕೇಳಿದವರಿಗೆಲ್ಲ ನಾನು ಮೊದಲೆರಡು ಪುಟಗಳನ್ನು ಕೂಡಿಸಿ ಹೇಳುತ್ತಿದ್ದೆ.

ಜೀಪು ಮಹೀಂದ್ರ ಎಂಎಂ 540, ತೊಂಬತ್ತರ ದಶಕದ್ದು. ಪೂಜೊ ಮೂಲದ 2112 ಸಿಸಿ ಡೀಸೆಲ್ ಎಂಜಿನ್. ಶಕ್ತಿ ಅರವತ್ತು ಅಶ್ವಶಕ್ತಿಯ ಆಸುಪಾಸು. ಕಲಬುರಗಿ ಜಿಲ್ಲೆಯ ಚಿತ್ತಾಪುರ ತಾಲ್ಲೂಕಿನ ಫರಸಿ ಕಲ್ಲಿನ ಗಣಿಯೊಂದರಲ್ಲಿ ದುಡಿದು ದುಡಿದು, ಹಿಂದಿನ ಪಾಟಾಗಳು, ಅಂದರೆ ಭಾರ ಹೊರುವ ಉಕ್ಕಿನ ಪಟ್ಟಿಗಳು, ಬಾಗು ಕಳೆದುಕೊಂಡು ಅಡ್ಡ ಹಲಗೆಯಂತಾಗಿದ್ದವು. ಕೊಂಡದ್ದು ಶೋಕಿಗೆ ಎಂದು ಬಂಧುಗಳು ಆಡಿಕೊಂಡರು. ಶೋಕಿಯೂ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ಜೇವರ್ಗಿ ತಾಲ್ಲೂಕಿನಲ್ಲಿ ಭೀಮಾ ದಂಡೆಯ ಹತ್ತಿರ ನಮಗೆ ಎಂಟು ಎಕರೆ ತೊಗರಿ ಹೊಲವಿದೆ. ಡಾಂಬರು ರಸ್ತೆ ಬಿಟ್ಟ ಮೇಲೆ ಮೂರು ಕಿಲೋಮೀಟರು ಎರೆ ಮಣ್ಣಿನ ಹಾದಿ. ನನ್ನ ಸಣ್ಣ ಕಾರು ಅಲ್ಲಿ ಎರಡು ಸಲ ಟ್ರ್ಯಾಕ್ಟರಿನ ಹಗ್ಗಕ್ಕೆ ಕಟ್ಟಿಸಿಕೊಂಡು ಮಾನ ಕಳೆದುಕೊಂಡಿತ್ತು.

ಕೊಳ್ಳುವ ದಿನ ನಾನು ಬಣ್ಣ ನೋಡಿದೆ, ಎಂಜಿನ್ ಸದ್ದು ಕೇಳಿದೆ. ಜೊತೆಗೆ ಕರೆದುಕೊಂಡು ಹೋಗಿದ್ದ ಉಸ್ತಾದರು ಎರಡನ್ನೂ ಮಾಡಲಿಲ್ಲ. ಕಪನೂರು ಕೈಗಾರಿಕಾ ಪ್ರದೇಶದ ಪಕ್ಕ ಒಂದು ತಗಡಿನ ಶೆಡ್ಡಿನಲ್ಲಿ ನಲವತ್ತು ವರ್ಷದಿಂದ ಜೀಪು ಬಿಚ್ಚುತ್ತಿರುವ ಮನುಷ್ಯ. ಜೇಬಿನಿಂದ ಬಟ್ಟೆ ಸುತ್ತಿದ ಅಯಸ್ಕಾಂತವೊಂದನ್ನು ತೆಗೆದು ಬಾಗಿಲ ಕೆಳಗೆ, ಕಾಲಿಡುವ ತಗಡಿನ ಮೇಲೆ, ಮಡ್‌ಗಾರ್ಡಿನ ಅಂಚಿಗೆ ಹಚ್ಚುತ್ತಾ ಹೋದರು. ಹಿಡಿಯದ ಕಡೆಯೆಲ್ಲ ಬಣ್ಣದ ಕೆಳಗಿರುವುದು ಕಬ್ಬಿಣವಲ್ಲ, ಮೆತ್ತಿದ ದಪ್ಪ ಪುಟ್ಟಿ. ಆಮೇಲೆ ಗೋಣಿಚೀಲ ಹಾಸಿ ಜೀಪಿನ ಕೆಳಗೆ ಮಲಗಿದರು. ನಮ್ಮ ಕಡೆ ಹವೆ ಒಣ, ಸಮುದ್ರ ದೂರ, ಹಾಗಾಗಿ ತುಕ್ಕು ಇರುವುದಿಲ್ಲ ಎಂದು ನಾನು ತಿಳಿದಿದ್ದೆ. ಚಾಸಿಯ, ಅಂದರೆ ಗಾಡಿಯ ಅಡಿಯ ಕಬ್ಬಿಣದ ಚೌಕಟ್ಟಿನ, ಸಂದಿಯಲ್ಲಿ ಮೆತ್ತಿಕೊಂಡ ಎರೆ ಮಣ್ಣು ತೇವವನ್ನು ತಿಂಗಳುಗಟ್ಟಲೆ ಹಿಡಿದಿಟ್ಟುಕೊಂಡು ಕಬ್ಬಿಣವನ್ನು ಒಳಗಿಂದೊಳಗೆ ತಿನ್ನುತ್ತದೆ ಎಂದು ಅವತ್ತು ಗೊತ್ತಾಯಿತು. ಅವರು ಸ್ಕ್ರೂಡ್ರೈವರಿನ ತುದಿಯಿಂದ ಕೆರೆದಾಗ ತುಕ್ಕು ಚಕ್ಕೆ ಚಕ್ಕೆಯಾಗಿ ಉದುರಿತು. ಆ ಉದುರಿದ ಚೂರುಗಳನ್ನು ಅಂಗೈಯಲ್ಲಿಟ್ಟು ತೋರಿಸಿಯೇ ಬೆಲೆಯಲ್ಲಿ ಮೂವತ್ತು ಸಾವಿರ ಇಳಿಸಿದೆವು. ಕೊನೆಗೆ ಚಾಸಿ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ, ನೋಂದಣಿ ಪತ್ರವಾದ ಆರ್‌ಸಿಯ ಜೊತೆ ಅಂಕಿ ಅಂಕಿ ತಾಳೆ ನೋಡಿದರು. ಒಂದು ಗಾಡಿಯ ಕಾಗದ, ಇನ್ನೊಂದರ ಮೈ, ಮೂರನೆಯದರ ಎಂಜಿನ್ ಸೇರಿಸಿ ಕಟ್ಟಿದ ಜೀಪುಗಳು ಮಾರುಕಟ್ಟೆಯಲ್ಲಿ ಎಷ್ಟೋ ಇವೆ. ಅಂಥದ್ದನ್ನು ಕೊಂಡವರು ಹೆಸರು ಬದಲಾಯಿಸಲು ಹೋದ ದಿನವೇ ತಲೆಯ ಮೇಲೆ ಕೈ ಹೊತ್ತು ಕೂರಬೇಕಾಗುತ್ತದೆ.

ಇಷ್ಟಾದರೂ ನಾನು ಬುದ್ಧಿ ಕಲಿಯಲಿಲ್ಲ. ಅಣ್ಣನ ಮಗ ಎಂಜಿನಿಯರಿಂಗ್ ಓದುತ್ತಿದ್ದಾನೆ. ‘ಕಾಕಾ, ಜೀಪು ಅಂದರೆ ಒಂದು ಗತ್ತು ಇರಬೇಕು’ ಎಂದ. ನನಗೂ ಒಳಗೊಳಗೇ ಅದೇ ಬೇಕಿತ್ತು. ಹೈದರಾಬಾದಿನಿಂದ ರಿಮ್ ಸಮೇತ ನಾಲ್ಕು ಅಗಲ ಟೈರು ತರಿಸಿದೆವು: 44,000. ಮುಂದೆ ದಪ್ಪ ಕೊಳವೆಯ ಗಾರ್ಡು: 9,000. ತಲೆಯ ಮೇಲೊಂದು ಉದ್ದನೆಯ ದೀಪದ ಪಟ್ಟಿ: 6,500. ಬ್ರೇಕು ಇನ್ನೂ ಎರಡು ಸಲ ಒತ್ತಿದರೆ ಹಿಡಿಯುವ ಸ್ಥಿತಿಯಲ್ಲಿತ್ತು. ಅದನ್ನು ‘ಮುಂದಿನ ಸಂಬಳಕ್ಕೆ’ ಎಂದು ಮುಂದೂಡಿದ್ದೆ.

ಜೇವರ್ಗಿ ರಸ್ತೆಯಲ್ಲಿ ಐವತ್ತರ ವೇಗದಲ್ಲಿ ಒಂದು ಗುಂಡಿ ಹಾರಿದ್ದೇ ತಡ, ಸ್ಟೀರಿಂಗ್ ಚಕ್ರ ದೆವ್ವ ಹಿಡಿದಂತೆ ಎರಡೂ ಕಡೆ ಬಡಿದುಕೊಳ್ಳತೊಡಗಿತು. ಮುಂದಿನ ಇಡೀ ಆಕ್ಸಲ್ಲೇ ಕಿತ್ತು ಹೋಗುತ್ತದೆ ಅನ್ನಿಸಿತು. ಬಿಗಿಯಾಗಿ ಹಿಡಿದಷ್ಟೂ ಹೆಚ್ಚಾಯಿತು. ವೇಗ ಪೂರ್ತಿ ಇಳಿದ ಮೇಲೆಯೇ ಬಿಟ್ಟಿತು. ಪಕ್ಕದಲ್ಲಿ ಕೂತಿದ್ದ ಹೆಂಡತಿ ಮನೆ ಮುಟ್ಟುವವರೆಗೆ ಒಂದು ಮಾತೂ ಆಡಲಿಲ್ಲ. ಟೈರು ಅಂಗಡಿಗೆ ಹೋದೆ. ‘ಬ್ಯಾಲೆನ್ಸಿಂಗ್ ಸರಿ ಇಲ್ಲ’ ಎಂದರು. ಮಾಡಿಸಿದೆ. ಮತ್ತೆ ಬಡಿಯಿತು. ಮತ್ತೆ ಮಾಡಿಸಿದೆ. ಮೂರು ಸಲಕ್ಕೆ 2,400 ರೂಪಾಯಿ. ಮೂರನೆಯ ಪುಟ ಅಲ್ಲಿಗೆ ಭರ್ತಿಯಾಯಿತು.

ಕೊನೆಗೆ ಉಸ್ತಾದರ ಶೆಡ್ಡಿಗೆ ತಲೆ ತಗ್ಗಿಸಿಕೊಂಡು ಹೋದೆ. ಅವರು ಮುಂದಿನ ಚಕ್ರವನ್ನು ಜಾಕಿನ ಮೇಲೆತ್ತಿ, ಮೇಲೊಂದು ಕೈ ಕೆಳಗೊಂದು ಕೈ ಹಿಡಿದು ಅಲ್ಲಾಡಿಸಿದರು. ಕಟಕಟ ಸದ್ದು. ಮುಂದಿನ ಚಕ್ರ ಎಡಬಲಕ್ಕೆ ತಿರುಗುವ ಕಿಂಗ್‌ಪಿನ್ನಿನ ಬೇರಿಂಗು ಸವೆದಿದ್ದವು, ಎರಡೂ ಚಕ್ರಗಳನ್ನು ಜೋಡಿಸುವ ಟೈ ರಾಡಿನ ತುದಿಗಳು ಸಡಿಲ, ಸ್ಟೀರಿಂಗ್ ಬಾಕ್ಸನ್ನು ಚಾಸಿಗೆ ಹಿಡಿದಿದ್ದ ಬೋಲ್ಟುಗಳಲ್ಲಿ ಒಂದು ಇರಲೇ ಇಲ್ಲ. ತೆಳ್ಳನೆಯ ಹಳೆಯ ಟೈರಿನಲ್ಲಿ ಈ ಕಾಯಿಲೆ ಇದ್ದೂ ಇಲ್ಲದಂತೆ ಅಡಗಿತ್ತು. ಅಗಲ, ತೂಕದ ಟೈರು ಬಂದು ಅದನ್ನು ಬೀದಿಗೆ ಎಳೆಯಿತು. ಜೊತೆಗೆ ದೊಡ್ಡ ಟೈರು ಹಾಕಿದರೆ ಅದನ್ನು ತಡೆದು ನಿಲ್ಲಿಸಲು ಬ್ರೇಕು ಹೆಚ್ಚು ಬಲ ಹಾಕಬೇಕು, ಎಂಜಿನ್ನಿಗೆ ಎಳೆಯುವುದು ಭಾರವಾಗುತ್ತದೆ, ವೇಗದ ಮುಳ್ಳು ನಿಜಕ್ಕಿಂತ ಕಡಿಮೆ ತೋರಿಸುತ್ತದೆ. ಇದೆಲ್ಲ ತ್ರಿಜ್ಯದ ಲೆಕ್ಕ. ಎಂಟನೆಯ ತರಗತಿಯ ಮಕ್ಕಳಿಗೆ ನಾನೇ ಹೇಳಿಕೊಡುತ್ತೇನೆ!

‘ಈಗ ಯಾವುದರಿಂದ ಶುರು ಮಾಡೋಣ, ಉಸ್ತಾದ್? ಎಂಜಿನ್ನಿನಿಂದಲೆ?’ ಎಂದು ಕೇಳಿದೆ.

‘ಎಂಜಿನ್ ಶುರುವಾಗದಿದ್ದರೆ ನೀವು ಮನೆಯಲ್ಲೇ ಇರುತ್ತೀರಿ, ಮಾಸ್ತರರೇ. ಬ್ರೇಕು ಹಿಡಿಯದಿದ್ದರೆ ನನ್ನ ಹೆಸರು ಕೆಡುತ್ತದೆ’ ಎಂದರು.

ಹಾಗಾಗಿ ಮೊದಲು ಬ್ರೇಕು. ಮಾಸ್ಟರ್ ಸಿಲಿಂಡರ್, ನಾಲ್ಕೂ ಚಕ್ರದ ಸಿಲಿಂಡರುಗಳು, ಪೈಪು, ಲೈನರು ಎಲ್ಲ ಹೊಸದು: 17,500. ನಾಲ್ಕೂ ಕಡೆ ಡ್ರಮ್ ಬ್ರೇಕೇ ಇರಲಿ ಎಂದೆ. ಹಳ್ಳ ದಾಟಿ ಡ್ರಮ್ಮಿನೊಳಗೆ ನೀರು ಹೋದರೆ ಸ್ವಲ್ಪ ದೂರ ಬ್ರೇಕು ಹಿಡಿಯುವುದಿಲ್ಲ. ಕಾಲನ್ನು ಹಗುರವಾಗಿ ಒತ್ತಿಟ್ಟುಕೊಂಡು ನಿಧಾನಕ್ಕೆ ಓಡಿಸಿ ಒಣಗಿಸಿಕೊಳ್ಳಬೇಕು. ಇದನ್ನು ರೂಢಿ ಮಾಡಿಕೊಂಡಿದ್ದೇನೆ. ಆಮೇಲೆ ಸ್ಟೀರಿಂಗಿನ ಬೇರಿಂಗು, ಬುಷ್, ಬೋಲ್ಟು: 11,000. ಚಾಸಿಯ ತುಕ್ಕು ಕೆರೆದು, ಕೊಳೆತ ತಗಡು ಕತ್ತರಿಸಿ ಹೊಸದು ಬೆಸುಗೆ ಹಾಕಿ, ಒಳಗೂ ಹೊರಗೂ ರೆಡ್ ಆಕ್ಸೈಡ್ ಬಳಿದದ್ದಕ್ಕೆ 22,000. ಇವುಗಳಲ್ಲಿ ಒಂದೂ ಫೋಟೊದಲ್ಲಿ ಕಾಣುವುದಿಲ್ಲ.

ಎಂಜಿನ್ ತಂಪಾಗಿಸುವ ರೇಡಿಯೇಟರಿನ ಕಥೆ ನಮ್ಮ ಊರಿನದೇ. ಕಲಬುರಗಿ ಜಿಲ್ಲೆಯ ಹಲವು ಕಡೆ ನೆಲದಡಿ ಸುಣ್ಣದ ಕಲ್ಲು. ಅದೇ ಕಲ್ಲಿನಿಂದ ಸೇಡಂ, ವಾಡಿ ಕಡೆ ಸಿಮೆಂಟ್ ಕಾರ್ಖಾನೆಗಳು ನಡೆಯುತ್ತವೆ. ಅದೇ ಸುಣ್ಣ ನಮ್ಮ ಬೋರ್‌ವೆಲ್ ನೀರಿನಲ್ಲೂ ಇರುತ್ತದೆ. ಮನೆಯ ಗೀಸರಿಗೆ ಏನಾಗುತ್ತದೆ ಎಂದು ಎಲ್ಲರಿಗೂ ಗೊತ್ತು. ಆ ನೀರನ್ನೇ ಗಣಿಯವರು ಕೊಡಪಾನ ಎತ್ತಿ ರೇಡಿಯೇಟರಿಗೆ ಸುರಿಯುತ್ತಿದ್ದರು. ಬಿಚ್ಚಿದಾಗ ಒಳಗಿನ ಕೊಳವೆಗಳಲ್ಲಿ ಅರ್ಧಕ್ಕರ್ಧ ಬಿಳಿ ಪೊರೆ ಕಟ್ಟಿ ಮುಚ್ಚಿಹೋಗಿದ್ದವು. ಮೇ ತಿಂಗಳ ನಲವತ್ತೆರಡು ಡಿಗ್ರಿಯಲ್ಲಿ ಚಿಂಚೋಳಿ ಏರು ಹತ್ತುವಾಗ ಮುಳ್ಳು ಕೆಂಪಿಗೆ ಹೋಗುತ್ತಿದ್ದುದು ಎಂಜಿನ್ನಿನ ದೋಷದಿಂದಲ್ಲ. ಒಳಗಿನ ಕೊಳವೆಗಳ ಹೊಸ ಕೋರ್, ಹೊಸ ಪೈಪು, ಶುದ್ಧ ನೀರಿಗೆ ಬೆರೆಸಿದ ಕೂಲಂಟ್: 9,000. ‘ಎಂಜಿನ್ ಬೋರ್ ಮಾಡಿಸಿ, ಸಿಲಿಂಡರು ಕೊರೆಸಿ’ ಎಂದು ಮೂವರು ಸಲಹೆ ಕೊಟ್ಟಿದ್ದರು. ಡೀಸೆಲ್ ಪಂಪು ಮತ್ತು ನೋಜಲ್ ಸರ್ವಿಸ್ ಬಿಟ್ಟು ಎಂಜಿನ್ನನ್ನು ನಾವು ಮುಟ್ಟಲಿಲ್ಲ.

ನೋಂದಣಿಯ ಮಾತು ಬಂದಾಗ ಹುಡುಗರು ಮುಖ ತಿರುಗಿಸುತ್ತಾರೆ, ಆದರೆ ಬಜೆಟ್ ಎಂಬುದು ಅಲ್ಲಿಯೇ ಮುರಿಯುತ್ತದೆ. ಹದಿನೈದು ವರ್ಷ ದಾಟಿದ ಗಾಡಿಯ ನೋಂದಣಿಯನ್ನು ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು. ಇಪ್ಪತ್ತು ವರ್ಷ ಮೀರಿದ ಕಾರು, ಜೀಪುಗಳಿಗೆ ಈ ಶುಲ್ಕ 2025ರ ಆಗಸ್ಟ್‌ನಲ್ಲಿ ಐದು ಸಾವಿರದಿಂದ ಹತ್ತು ಸಾವಿರಕ್ಕೆ ಏರಿತು. ಇನ್ನು ಮಾರ್ಪಾಡು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆರ್‌ಸಿಯಲ್ಲಿರುವ ವಿವರ ತಯಾರಕರು ಹೇಳಿದ್ದಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಮಾರ್ಪಾಡು ಒಂದಕ್ಕೆ ಐದು ಸಾವಿರ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಎಂದಿದೆ. ಮುಂದಿನ ಗಾರ್ಡುಗಳು ಕಾನೂನುಬಾಹಿರ ಎಂದು ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲೇ ರಾಜ್ಯಗಳಿಗೆ ಬರೆದಿತ್ತು. ಒಂಬತ್ತು ಸಾವಿರದ ನನ್ನ ಗಾರ್ಡು ಈಗ ತಮ್ಮನ ಮನೆಯಲ್ಲಿ ದ್ರಾಕ್ಷಿ ಬಳ್ಳಿಗೆ ಆಸರೆಯಾಗಿದೆ. ಬಳ್ಳಿಯಂತೂ ಚೆನ್ನಾಗಿ ಹಬ್ಬಿದೆ.

ಹಾಗಾದರೆ ನಮ್ಮದು ಎನ್ನುವಂಥ ಬದಲಾವಣೆ ಏನೂ ಬೇಡವೇ? ಬೇಕು. ನಾನು ಮೂರು ಮಾಡಿದ್ದೇನೆ, ಮೂರೂ ಕಣ್ಣಿಗೆ ಬೀಳದಂಥವು. ಮುಂದಿನ ಎರಡು ಸೀಟಿಗೆ ಸೀಟ್ ಬೆಲ್ಟ್. ಹಿಂದೆ ಮುಂದೆ ಚಾಸಿಗೇ ಹಿಡಿದ ಎಳೆಯುವ ಕೊಕ್ಕೆ. ಮೂರನೆಯದು ಹೆಡ್‌ಲೈಟಿಗೆ ರಿಲೇ, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟು ಹರಿಸುವ ಸ್ವಿಚ್ಚು; ಅದರ ಬಗ್ಗೆ ಎರಡು ಮಾತು ಹೇಳಲೇಬೇಕು. ಹಳೆಯ ಜೀಪಿನಲ್ಲಿ ದೀಪದ ಕರೆಂಟು ಪೂರ್ತಿಯಾಗಿ ಸಣ್ಣ ತಂತಿ ಹಿಡಿದು ಸ್ವಿಚ್ಚಿನವರೆಗೆ ಹೋಗಿ ತಿರುಗಿ ಬರುತ್ತದೆ; ಹಾದಿಯಲ್ಲೇ ವೋಲ್ಟೇಜ್ ಸೋರಿಹೋಗಿ ದೀಪ ಹಣತೆಯಂತೆ ಉರಿಯುತ್ತದೆ. ಬ್ಯಾಟರಿಯಿಂದ ಫ್ಯೂಸ್ ಹಾಕಿದ ದಪ್ಪ ತಂತಿ ತಂದು ರಿಲೇ ಮೂಲಕ ಕೊಟ್ಟರೆ ಅದೇ ಹಳೆಯ ಬಲ್ಬು ಬೆಳ್ಳಗೆ ಬೆಳಗುತ್ತದೆ. ಆರೂವರೆ ಸಾವಿರದ ದೀಪದ ಪಟ್ಟಿ ಮಾಡಬೇಕಿದ್ದ ಕೆಲಸವನ್ನು ಏಳುನೂರು ರೂಪಾಯಿಯ ಸಾಮಾನು ಮಾಡಿತು, ಎದುರಿನಿಂದ ಬರುವ ಬೈಕಿನವನ ಕಣ್ಣೂ ಉಳಿಯಿತು.

ಇನ್ನು ಎರೆ ಮಣ್ಣು. ಇದರ ಬಗ್ಗೆ ಬೇರೆ ಊರಿನ ವಿಡಿಯೊ ನೋಡಿ ಟೈರು ಕೊಳ್ಳಬೇಡಿ. ಮರಳಿನಲ್ಲಿ, ಕೆಂಪು ಮಣ್ಣಿನಲ್ಲಿ ಅಗಲ ಟೈರು ತೇಲಿಸಿಕೊಂಡು ಹೋಗಬಹುದು. ನಮ್ಮ ಮಣ್ಣು ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ, ಮಳೆಯಲ್ಲಿ ಉಬ್ಬಿ ಅಂಟಾಗುತ್ತದೆ. ಚಕ್ರ ಎರಡು ಸುತ್ತು ತಿರುಗುವಷ್ಟರಲ್ಲಿ ಟೈರಿನ ಹಲ್ಲುಗಳ ನಡುವೆಲ್ಲ ತುಂಬಿಕೊಳ್ಳುತ್ತದೆ. ಆಮೇಲೆ ಟೈರು ಎಷ್ಟು ದುಬಾರಿಯದಾದರೂ ನುಣ್ಣನೆಯ ಮಣ್ಣಿನ ಉಂಡೆಯೇ. ಅಗಲ ಟೈರಾದರೆ ಮಡ್‌ಗಾರ್ಡಿನ ಸಂದಿಯೂ ಕಿರಿದು, ಮಣ್ಣು ಅಲ್ಲಿ ಗಟ್ಟಿಯಾಗಿ ಚಕ್ರವನ್ನೇ ಕಚ್ಚಿ ಹಿಡಿಯುತ್ತದೆ. ನನಗೆ ಆದದ್ದೂ ಅದೇ. ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ, ಲೋ ಗೇರು, ಎಲ್ಲ ಹಾಕಿದರೂ ಜೀಪು ನಿಂತಲ್ಲೇ ಕೂತಿತು. ಪಕ್ಕದ ಹೊಲದ ಹಿರಿಯರು ಎತ್ತು ಬಿಚ್ಚಿ ತರುತ್ತಾ ಕೇಳಿದರು: ‘ಗಾಲಿ ದಪ್ಪ ಮಾಡಿದರೆ ಮಣ್ಣು ಹೆದರುತ್ತದೆಯೇ, ಮಾಸ್ತರರೇ?’ ಅವರ ಚಕ್ಕಡಿಯ ಗಾಲಿ ನಾಲ್ಕು ಬೆರಳು ಅಗಲವೂ ಇರಲಿಲ್ಲ.

ಹಳೆಯ ಜೀಪುಗಳಿಗೆ ಬರುತ್ತಿದ್ದ 6.00-16 ಅಳತೆಯ ತೆಳ್ಳನೆಯ ಟೈರಿಗೇ ಮರಳಿದೆ: ನಾಲ್ಕಕ್ಕೆ 22,000. ಹಳೆಯ ರಿಮ್ಮುಗಳನ್ನು ನಾನು ಗುಜರಿಗೆ ಹಾಕಲು ಹೊರಟಾಗ ಉಸ್ತಾದರು ಕಸಿದುಕೊಂಡು ಶೆಡ್ಡಿನ ಅಟ್ಟದಲ್ಲಿ ಇಟ್ಟಿದ್ದರು. ಅವನ್ನು ಇಳಿಸಿಕೊಡುವಾಗ ಏನೂ ಹೇಳಲಿಲ್ಲ. ಧೂಳು ಮಾತ್ರ ನನ್ನ ಕಡೆಗೇ ಕೊಡವಿದರು. ತೆಳ್ಳನೆಯ ಟೈರು ಮೇಲಿನ ರಾಡಿಯನ್ನು ಸೀಳಿ ಕೆಳಗಿನ ಗರಸನ್ನು, ಅಂದರೆ ಗಟ್ಟಿ ಕಲ್ಲುಮಣ್ಣನ್ನು, ಮುಟ್ಟುತ್ತದೆ, ಗರಸು ಇದ್ದ ಕಡೆ. ಎರೆ ಆಳವಾಗಿರುವ ಕಡೆ ಅದೂ ಮುಳುಗುತ್ತದೆ. ಅಂಥ ದಿನ ಜೀಪನ್ನು ಡಾಂಬರಿನ ಅಂಚಿಗೆ ನಿಲ್ಲಿಸಿ, ಚಪ್ಪಲಿ ಕೈಯಲ್ಲಿ ಹಿಡಿದು ನಡೆಯುತ್ತೇನೆ. ಮೂರು ಲಕ್ಷ ಅರವತ್ತೆರಡು ಸಾವಿರದ ಒಂಬೈನೂರು ಖರ್ಚು ಮಾಡಿದ ಮೇಲೂ ನಡೆಯುತ್ತೇನೆ.

ಬಣ್ಣಕ್ಕೆ ಒಂಬತ್ತು ಸಾವಿರವಷ್ಟೇ ಉಳಿದಿತ್ತು. ಹತ್ತಿರ ಬಂದು ನೋಡಿದರೆ ಬ್ರಷ್ಷಿನ ಗೆರೆ ಕಾಣುತ್ತದೆ. ಫೋಟೊ ಸ್ವಲ್ಪ ದೂರದಿಂದ ತೆಗೆದದ್ದು ಅದಕ್ಕೇ.

ಕೊನೆಯದಾಗಿ, ಆ ನಾಲ್ಕು ಅಗಲ ಟೈರುಗಳು ರಿಮ್ ಸಮೇತ ನಮ್ಮ ಮನೆಯ ಮಾಳಿಗೆಯ ಮೇಲಿವೆ. ಓಡಿದ್ದು ಎರಡು ತಿಂಗಳು ಮಾತ್ರ. ಇದನ್ನೆಲ್ಲ ಓದಿದ ಮೇಲೂ ಬೇಕು ಎನ್ನುವವರಿದ್ದರೆ ಸಂದೇಶ ಕಳುಹಿಸಿ. ಚೌಕಾಸಿ ಮಾಡಬಹುದು. ಬಂದ ಹಣವನ್ನು ಮೂರನೆಯ ಪುಟದಲ್ಲಿ ಕಳೆಯಲು ಹೆಂಡತಿ ಪೆನ್ನು ಹಿಡಿದು ಕಾಯುತ್ತಿದ್ದಾಳೆ.