ಸೌಟಿನಾಕಾರದ ಸುತ್ತು

ಬೆನ್ನಿಗೆ ಚೀಲ ಏರಿಸಿಕೊಂಡು ಎರಡು ಮೂರು ದಿನ ಬೆಟ್ಟದಲ್ಲಿ ನಡೆಯಬೇಕು, ಹತ್ತಿದ ದಾರಿಯಲ್ಲೇ ಇಳಿಯದೆ ಹೊರಟ ಜಾಗಕ್ಕೇ ಬಂದು ಮುಟ್ಟಬೇಕು ಎಂದು ಆಸೆಪಡುವವರಿಗೆ ಕೊಡಗಿನ ಭೂಪಟ ಅಷ್ಟಾಗಿ ಸಹಕರಿಸುವುದಿಲ್ಲ. ಇರ್ಪು ಜಲಪಾತದ ಬಳಿಯಿಂದ 1608 ಮೀಟರ್ ಎತ್ತರದ ಬ್ರಹ್ಮಗಿರಿಯನ್ನು ಹತ್ತಿ ಆಚೆಗೆ ಇಳಿದರೆ ಕೇರಳದ ತಿರುನೆಲ್ಲಿ ಸಿಗುತ್ತದೆ. ಇರ್ಪುವಿನಲ್ಲಿ ಬಿಟ್ಟುಬಂದ ವಾಹನಕ್ಕೆ ಮರಳಲು ಕುಟ್ಟದ ಮೇಲೆ ಸುತ್ತಿಕೊಂಡು ಬರಬೇಕು. ಸೋಮವಾರಪೇಟೆಯ ಕಡೆಯಿಂದ ಪುಷ್ಪಗಿರಿ ಏರಿ ಆ ಬದಿಗೆ ಇಳಿದವರು ಕುಕ್ಕೆ ಸುಬ್ರಹ್ಮಣ್ಯದ ಬಸ್ ನಿಲ್ದಾಣದಲ್ಲಿ, ಬೇರೆ ಜಿಲ್ಲೆಯ ಸೆಕೆಯಲ್ಲಿ, ಒದ್ದೆ ಅಂಗಿಯೊಡನೆ ನಿಂತಿರುತ್ತಾರೆ. ನಮ್ಮ ಬೆಟ್ಟಗಳೆಲ್ಲ ಹೀಗೆ ಗಡಿಯ ಮೇಲೆ ಕುಳಿತಿವೆ. ಹತ್ತಿದವನು ಒಂದೋ ಬಂದ ದಾರಿಗೆ ಸುಂಕವಿಲ್ಲವೆಂದು ಹಿಂತಿರುಗಬೇಕು, ಇಲ್ಲವೇ ಪರವೂರಿನವನಾಗಬೇಕು.

ಆದ್ದರಿಂದ ನಮ್ಮ ಪೆನ್ಸಿಲು ಕೊನೆಗೆ ಬಂದು ನಿಂತದ್ದು ಕಕ್ಕಬೆಯ ಮೇಲೆ. ಜಿಲ್ಲೆಯಲ್ಲೇ ಎತ್ತರವಾದ, 1748 ಮೀಟರಿನ ತಡಿಯಂಡಮೋಳ್ ಅಲ್ಲಿಂದ ಹತ್ತಿರ. ಶಿಖರದ ದಾರಿ ಹೋಗಿಬರುವ ದಾರಿಯೇ ಆದರೂ ಬುಡದ ಊರುಗಳನ್ನು ಸೇರಿಸಿಕೊಂಡರೆ ಒಂದು ಸುತ್ತು ಹೇಗೋ ಕೂಡಿಬರುತ್ತದೆ: ಕಕ್ಕಬೆಯಿಂದ ಪಾಡಿ ಇಗ್ಗುತಪ್ಪನ ದೇವಸ್ಥಾನ, ನಾಲ್ಕುನಾಡು ಅರಮನೆ, ಶಿಖರ, ಮತ್ತೆ ಅರಮನೆ, ಆಮೇಲೆ ಚೆಯ್ಯಂಡಾಣೆಯ ಬದಿಗೆ ಹೊರಳಿ ಕಾಫಿ ತೋಟಗಳ ನಡುವೆ ಕಕ್ಕಬೆಗೆ. ಕಾಗದದ ಮೇಲೆ ಇದು ವೃತ್ತದಂತೆ ಕಾಣದೆ ಸೌಟಿನಂತೆ ಕಾಣುತ್ತದೆ. ಹಿಡಿ ಬೆಟ್ಟಕ್ಕೆ, ಬಟ್ಟಲು ಊರಿಗೆ. ಹಿಡಿಯ ಉದ್ದಕ್ಕೂ ಕಂಡ ಮರವನ್ನೇ ಮತ್ತೆ ಕಾಣಬೇಕಾದ ದೋಷವನ್ನು ಎಲ್ಲರೂ ಒಪ್ಪಿಕೊಂಡೆವು. ಇಳಿಯುವಾಗ ಮರದ ಇನ್ನೊಂದು ಮಗ್ಗುಲು ಕಾಣುತ್ತದೆ ಎಂಬ ಸಮಾಧಾನವೂ ಚರ್ಚೆಯಲ್ಲಿ ಬಂತು.

ಇನ್ನು ವೇಳೆಯ ಲೆಕ್ಕ. ಸ್ಕಾಟ್ಲೆಂಡಿನ ವಿಲಿಯಂ ನೇಸ್ಮಿತ್ ಎಂಬಾತ 1892ರಲ್ಲಿ ಬೆಟ್ಟ ನಡೆಯುವವರಿಗಾಗಿ ಒಂದು ಸೂತ್ರ ಕೊಟ್ಟ: ಮೂರು ಮೈಲಿಗೆ ಒಂದು ಗಂಟೆ, ಅದರ ಮೇಲೆ ಎರಡು ಸಾವಿರ ಅಡಿ ಏರಿಗೆ ಇನ್ನೊಂದು ಗಂಟೆ. ಅರಮನೆಯಿಂದ ನೆತ್ತಿಗೆ ಸುಮಾರು ಆರು ಕಿಲೋಮೀಟರ್, ಆರೇಳು ನೂರು ಮೀಟರ್ ಏರು ಎಂದಿಟ್ಟುಕೊಂಡರೆ ಅವನ ಪ್ರಕಾರ ಎರಡೂಕಾಲು ಗಂಟೆ ಸಾಕು. ಆತ ಏಪ್ರಿಲ್ ತಿಂಗಳಲ್ಲಿ ಪಶ್ಚಿಮ ಘಟ್ಟದ ಬೋಳು ಹುಲ್ಲುಗಾವಲನ್ನು ಬೆನ್ನ ಮೇಲೆ ನೀರು ಹೊತ್ತು ಏರಿದವನಲ್ಲವಾದ್ದರಿಂದ ನಾವು ಅದನ್ನು ಒಂದೂವರೆ ಪಟ್ಟು ಮಾಡಿಕೊಂಡೆವು. ಊರಿನ ಹಿರಿಯರನ್ನು ಕೇಳಿದರೆ ಸೂತ್ರವೇ ಬೇಕಾಗುವುದಿಲ್ಲ. ಅವರಿಗೆ ಎಲ್ಲವೂ ‘ಇಲ್ಲೇ, ಒಂದು ಕೂಗಳತೆ’. ಆ ಕೂಗು ಯಾರದು, ಎಷ್ಟು ಗಟ್ಟಿಯದು ಎಂಬುದನ್ನು ಅವರು ಹೇಳುವುದಿಲ್ಲ.

ಯೋಜನೆಯ ನಿಜವಾದ ತೊಡಕು ದೂರದಲ್ಲಿರದೆ ಗಡಿಯಾರದಲ್ಲಿದೆ. ಬೇಸಿಗೆಯ ಮಧ್ಯಾಹ್ನಗಳಲ್ಲಿ ಇಲ್ಲಿ ಮೋಡ ಕಟ್ಟಿ ಗುಡುಗು ಸಿಡಿಲಿನೊಂದಿಗೆ ಮಳೆ ಬರುವುದುಂಟು. ಆಗ ಮರವಿಲ್ಲದ ಏಣಿನ ಮೇಲೆ ಅತಿ ಎತ್ತರದ ವಸ್ತು ನಾವೇ ಆಗಿರುವುದು ಜಾಣತನವಲ್ಲ. ನಡು ಹಗಲಿನೊಳಗೆ ನೆತ್ತಿಯಿಂದ ಇಳಿದಿರಬೇಕಾದರೆ ನಸುಕಿನಲ್ಲೇ ಹೊರಡಬೇಕು. ಆದರೆ ನಸುಕಿನಲ್ಲಿ ತೋಟದ ದಾರಿಗಳು ಆನೆಗಳವು. ಹೊರಗಿನವರು ಆನೆಯನ್ನು ಬೆಟ್ಟದ ಕಾಡಿನಲ್ಲಿ ನಿರೀಕ್ಷಿಸಿ ತೋಟ ತಲುಪಿದೊಡನೆ ನಿರಾಳವಾಗುತ್ತಾರೆ; ಹಲಸು ಹಣ್ಣಾಗುವ ಕಾಲದಲ್ಲಿ ತೋಟದೊಳಗೇ ಎಚ್ಚರ ಹೆಚ್ಚು ಬೇಕೆಂದು ಇಲ್ಲಿನ ಮಕ್ಕಳಿಗೂ ಗೊತ್ತು. ಸಿಡಿಲು ಬೇಗ ಹೊರಡಿ ಎನ್ನುತ್ತದೆ, ಆನೆ ತಡವಾಗಿ ಹೊರಡಿ ಎನ್ನುತ್ತದೆ, ಅರಣ್ಯ ಇಲಾಖೆಯ ತಪಾಸಣಾ ಗೇಟು ತನ್ನದೇ ಹೊತ್ತಿಗೆ ತೆರೆಯುತ್ತದೆ. ಈ ಮೂವರನ್ನು ಒಪ್ಪಿಸಲು ಒಂದೇ ಉಪಾಯ ಕಂಡಿತು: ಮೊದಲ ದಿನ ಬಿಸಿಲೇರಿದ ಮೇಲೆ ಊರ ದಾರಿಯಲ್ಲಿ ನಡೆದು, ಅರಮನೆಯ ಆಸುಪಾಸಿನ ಹೋಂಸ್ಟೇಯೊಂದರಲ್ಲಿ ತಂಗಿ, ಮರುದಿನ ಗೇಟು ತೆರೆಯುವ ಹೊತ್ತಿಗೆ ಅದರ ಮುಂದಿರುವುದು.

ಅರಮನೆಯ ಪಕ್ಕ ತಂಗಲು ಬೇರೆ ಕಾರಣವೂ ಬೇಕಿಲ್ಲ. ದೊಡ್ಡ ವೀರರಾಜೇಂದ್ರ 1792ರಿಂದ 1794ರೊಳಗೆ ಕಟ್ಟಿಸಿದ ಎರಡಂತಸ್ತಿನ ಮನೆ ಅದು. ಹೆಸರಿಗೆ ಅರಮನೆಯಾದರೂ ಗಾತ್ರದಲ್ಲಿ ವಿನಯವಂತ ಕಟ್ಟಡ. 1834ರಲ್ಲಿ ಬ್ರಿಟಿಷ್ ಸೇನೆ ಬಂದಾಗ ಕೊನೆಯ ಅರಸ ಚಿಕ್ಕವೀರರಾಜೇಂದ್ರ ಆಶ್ರಯಕ್ಕೆಂದು ಬಂದದ್ದು ಇಲ್ಲಿಗೇ. ಭೂಪಟದಲ್ಲಿ ಆ ಜಾಗದ ಸುತ್ತ ಒತ್ತೊತ್ತಾಗಿ ಹೆಣೆದಿರುವ ಎತ್ತರದ ಗೆರೆಗಳನ್ನು ನೋಡಿದವರಿಗೆ ಅವನ ಆಯ್ಕೆ ಅರ್ಥವಾಗುತ್ತದೆ.

ಕಾಡಿನೊಳಗೆ ರಾತ್ರಿ ತಂಗಲು ಅನುಮತಿ ಇಲ್ಲವಾದ್ದರಿಂದ ಡೇರೆಯ ಅಗತ್ಯವಿಲ್ಲ. ಆದರೆ ಹೊಸ ಡೇರೆ ಕೊಂಡಿರುವ ಗೆಳೆಯನೊಬ್ಬ ಅದನ್ನು ಹೋಂಸ್ಟೇಯ ಅಂಗಳದಲ್ಲಾದರೂ ಹೂಡುತ್ತೇನೆಂದು ಕೂತಿದ್ದಾನೆ. ಹೊರುವವನು ಅವನೇ ಆದ್ದರಿಂದ ಯಾರೂ ವಿರೋಧಿಸಲಿಲ್ಲ. ಉಳಿದವರ ಚೀಲದ ಭಾರವೆಲ್ಲ ನೀರಿನದು. ಲೀಟರಿಗೆ ಒಂದು ಕಿಲೋ ಎಂಬ ಲೆಕ್ಕದಲ್ಲಿ ರಿಯಾಯಿತಿ ಇಲ್ಲ, ಮಳೆಗಾಲದಲ್ಲಿ ಹೆಜ್ಜೆಹೆಜ್ಜೆಗೂ ಹರಿಯುವ ತೊರೆಗಳು ಏಪ್ರಿಲ್ ಹೊತ್ತಿಗೆ ಕಲ್ಲಿನ ಸಾಲುಗಳಾಗಿರುತ್ತವೆ. ಕಣಿವೆಯ ಮಡಿಲಿನ ಶೋಲಾ ಕಾಡು ಮಾತ್ರ ಸ್ಪಂಜಿನಂಥ ಮಣ್ಣಿನಲ್ಲಿ ತೇವ ಹಿಡಿದಿಟ್ಟುಕೊಂಡು ತಡವಾಗಿ ಬಿಡುತ್ತದೆ. ಅದನ್ನು ನಂಬಿ ಬಾಟಲಿ ಕಡಿಮೆ ಮಾಡುವ ಧೈರ್ಯ ನನಗಿಲ್ಲ. ಬುತ್ತಿಗೆ ಅಕ್ಕಿ ರೊಟ್ಟಿ, ಜೊತೆಗೊಂದು ಚಟ್ನಿ, ಚರ್ಚೆ ಮುಗಿದಿದೆ.

ಮಳೆಯ ವಿಷಯದಲ್ಲಿ ಮಾತ್ರ ನಮ್ಮ ಕೈಯಲ್ಲಿ ಏನೂ ಇಲ್ಲ. ನಮ್ಮ ದಾರಿಯಲ್ಲಿ ಮೊದಲು ಸಿಗುವ ಇಗ್ಗುತಪ್ಪ ಮಳೆಯ ದೇವರು. ಕಾಫಿ ಬೆಳೆಗಾರರು ಹೂಮಳೆಗಾಗಿ, ಅದು ಬಂದ ಮೇಲೆ ಕಾಯಿ ಕಚ್ಚಲು ಇನ್ನೊಂದು ಮಳೆಗಾಗಿ ಅವನನ್ನು ನೆನೆಯುತ್ತಿರುವಾಗ, ಇನ್ನೆರಡು ದಿನ ಸುಮ್ಮನಿರಪ್ಪ ಎಂದು ಚೀಲ ಹೊತ್ತವರು ಕೈಮುಗಿದರೆ ಯಾರ ಅರ್ಜಿ ನಡೆಯುತ್ತದೆಂದು ಊಹಿಸುವುದು ಕಷ್ಟವಲ್ಲ. ಮಳೆ ಬಾರದಿದ್ದರೂ ನಮಗೆ ಲಾಭವಿಲ್ಲ. ಹುಲ್ಲು ಒಣಗಿ ಕಾಳ್ಗಿಚ್ಚಿನ ಭಯ ಹೆಚ್ಚಿದಾಗ ಇಲಾಖೆ ಚಾರಣದ ದಾರಿಗಳನ್ನೇ ಮುಚ್ಚುವುದುಂಟು, ಅದು ಸರಿಯೂ ಹೌದು. ಮಳೆ ಚೆನ್ನಾಗಿ ಹಿಡಿದರೆ ಎಲೆಯಡಿಯ ಇಂಬಳಗಳು ಎದ್ದು ಕಾಲು ಹುಡುಕತೊಡಗುತ್ತವೆ. ಹೀಗಾಗಿ ನಮಗೆ ಬೇಕಾದದ್ದು ಬೆಂಕಿಯ ಭಯ ತಗ್ಗಿರುವ, ಇಂಬಳಗಳಿನ್ನೂ ಏಳದಿರುವ ಒಂದು ಕಿರಿದಾದ ವಾರ. ಆ ವಾರ ಯಾವುದೆಂದು ಯಾವ ಪಂಚಾಂಗವೂ ಹೇಳುವುದಿಲ್ಲವಾದ್ದರಿಂದ, ರಜೆಯ ಅರ್ಜಿಗಳನ್ನು ಬರೆದು ಸಹಿ ಹಾಕಿ, ದಿನಾಂಕದ ಜಾಗವನ್ನಷ್ಟೇ ಖಾಲಿ ಬಿಟ್ಟಿದ್ದೇವೆ.