ಮೊದಲು ಸವೆಯುವುದು ಮೊಣಕಾಲು

ಹೋದ ಭಾನುವಾರ ಶಿವಾಜಿನಗರದ ಒಬ್ಬ ಹಳೆಯ ಟೈಲರ್ ಹತ್ತಿರ ಹೋಗಿದ್ದೆ. ಅಕ್ಕನ ಮಗ ಸೇನೆಯಲ್ಲಿ ಜವಾನ, ರಜೆಗೆ ಬಂದಿದ್ದಾನೆ. ಅವನ ಕಾಂಬ್ಯಾಟ್ ಪ್ಯಾಂಟಿನ ಮೊಣಕಾಲು ಪೂರ್ತಿ ತೆಳ್ಳಗಾಗಿತ್ತು. ಟೈಲರ್ ಅದನ್ನು ಬೆಳಕಿಗೆ ಹಿಡಿದು ನೋಡಿ, "ಕೂತು ಕೆಲಸ ಮಾಡೋರ ಪ್ಯಾಂಟು ಹಿಂದೆ ಸವೆಯುತ್ತಮ್ಮ, ಇವರದ್ದು ಮುಂದೆ" ಅಂದರು. ಆ ಮಾತು ಇನ್ನೂ ತಲೆಯಲ್ಲೇ ಇದೆ.

ನಮ್ಮಪ್ಪ ಹಲಸೂರಿನ ಎಂಇಜಿಯಲ್ಲಿ, ಅಂದರೆ ಸೇನೆಯ ಮದ್ರಾಸ್ ಎಂಜಿನಿಯರ್ ಗ್ರೂಪಿನಲ್ಲಿ, ಹವಾಲ್ದಾರ್ ಆಗಿ ನಿವೃತ್ತರಾದವರು. ಸೇತುವೆ ಕಟ್ಟುವುದು, ಕಂದಕ ತೋಡುವುದು, ನೆಲಬಾಂಬ್ ಹುಡುಕುವುದು, ಎಲ್ಲವೂ ನೆಲಕ್ಕೆ ಮಂಡಿಯೂರಿ ಮಾಡುವ ಕೆಲಸ. ಪರೇಡಿನ ಬಟ್ಟೆಗೆ ಅಮ್ಮ ಗಂಜಿ ಹಾಕಿ, ನಿಲ್ಲಿಸಿದರೆ ನಿಲ್ಲುವ ಹಾಗೆ ಇಸ್ತ್ರಿ ಮಾಡಿಸುತ್ತಿದ್ದರು. ಕೆಲಸದ ಬಟ್ಟೆಗೆ ಮಾತ್ರ ರಾತ್ರಿ ಕೂತು ತೇಪೆ ಹಾಕುತ್ತಿದ್ದರು.

ಈಗಿನ ಕಾಂಬ್ಯಾಟ್ ಡ್ರೆಸ್ ಮೊದಲು ಕಂಡದ್ದು 2022ರ ಜನವರಿ 15ರ ಸೇನಾ ದಿನದಂದು. ಫ್ಯಾಷನ್ ವಿನ್ಯಾಸ ಕಲಿಸುವ ನಿಫ್ಟ್ ಸಂಸ್ಥೆಯ ಜೊತೆ ಸೇರಿ ಸೇನೆ ಮಾಡಿದ ವಿನ್ಯಾಸ. ಬಟ್ಟೆಯಲ್ಲಿ 70 ಪಾಲು ಹತ್ತಿ, 30 ಪಾಲು ಪಾಲಿಯೆಸ್ಟರ್. ಬರೀ ಹತ್ತಿಯಾದರೆ ಬೆವರು ಹೀರುತ್ತದೆ, ಆದರೆ ಒದ್ದೆಯಾದರೆ ಬೇಗ ಒಣಗುವುದಿಲ್ಲ, ಉಜ್ಜಿದರೆ ಬೇಗ ಸವೆಯುತ್ತದೆ. ಪಾಲಿಯೆಸ್ಟರ್ ಗಟ್ಟಿ, ಬೇಗ ಒಣಗುತ್ತದೆ. ಆದರೆ ಜಾಸ್ತಿ ಆದರೆ ಸೆಕೆ, ಬೆಂಕಿ ತಗುಲಿದರೆ ಕರಗಿ ಮೈಗೆ ಅಂಟುತ್ತದೆ. ಹಾಗಾಗಿ ಈ ಮಿಶ್ರಣ ಸರಿಯಾಗಿದೆ ಅಂತಲೇ ನನಗೆ ಅನಿಸುತ್ತದೆ. "ಹಗುರ ಇದೆ ಚಿಕ್ಕಮ್ಮ, ಶರ್ಟ್ ಇನ್ ಮಾಡೋ ಗೋಳೂ ಇಲ್ಲ" ಅಂತ ಹುಡುಗನೂ ಹೇಳಿದ.

ನನ್ನ ತಕರಾರು ಬಟ್ಟೆಯ ಮೇಲೆ ಅಲ್ಲ, ಲೆಕ್ಕದ ಮೇಲೆ. ಜೆಸಿಒಗಳಿಗೆ (ಸುಬೇದಾರ್‌ನಂಥ ಕಿರಿಯ ಅಧಿಕಾರಿಗಳಿಗೆ) ಮತ್ತು ಜವಾನರಿಗೆ ಕೊಡಲು ಸೇನೆ 11.70 ಲಕ್ಷ ಸೆಟ್ ಖರೀದಿಗೆ ಯೋಜನೆ ಹಾಕಿತು. ಒಂದು ಸೆಟ್ಟಿಗೆ 15 ತಿಂಗಳ ಆಯುಷ್ಯ ಅಂತ ಲೆಕ್ಕ. ಕಚೇರಿಯಲ್ಲಿ ಫೈಲು ನೋಡುವವರಿಗೂ 15 ತಿಂಗಳು, ಕಲ್ಲಿನ ಮೇಲೆ ತೆವಳುವವರಿಗೂ 15 ತಿಂಗಳು. ಇದು ಹೇಗೆ ಸರಿ?

ಭತ್ಯೆಯದ್ದೂ ಅದೇ ಕಥೆ. 2017ರ ಜುಲೈಯಿಂದ ವರ್ಷಕ್ಕೆ ಅಧಿಕಾರಿಗಳಿಗೆ 20,000 ರೂಪಾಯಿ, ಅವರ ಕೆಳಗಿನವರಿಗೆ 10,000 ಡ್ರೆಸ್ ಭತ್ಯೆ ಬಂತು. ತುಟ್ಟಿಭತ್ಯೆ ಶೇ. 50 ಮುಟ್ಟಿದ ಮೇಲೆ, 2024ರ ಜನವರಿಯಿಂದ ಅದು 25,000 ಮತ್ತು 12,500 ಆಯಿತು. ಅಧಿಕಾರಿಗಳಿಗೆ ಜಾಸ್ತಿ ಕೊಡುವುದನ್ನು ನಾನು ಅನ್ಯಾಯ ಅನ್ನುವುದಿಲ್ಲ. ಮೆಸ್ ಡ್ರೆಸ್ಸು, ಸಮಾರಂಭದ ಡ್ರೆಸ್ಸು ಎಲ್ಲವನ್ನೂ ಅವರೇ ಹೊಲಿಸಿಕೊಳ್ಳಬೇಕು, ಅದಕ್ಕೆ ದುಡ್ಡು ಬೇಕು. ಆದರೆ ಬಟ್ಟೆ ಸವೆಯುವುದು ರ‍್ಯಾಂಕ್ ನೋಡಿ ಅಲ್ಲ, ಕೆಲಸ ನೋಡಿ. ಆ ಕೆಲಸದ ಲೆಕ್ಕ ಈ ಮೊತ್ತದಲ್ಲಿ ಎಲ್ಲೂ ಇಲ್ಲ.

ಅವಧಿ ಮುಗಿಯುವ ಮೊದಲೇ ಹರಿದರೆ ಹುಡುಗರು ಏನು ಮಾಡುತ್ತಾರೆ? ಅಕ್ಕನ ಮಗನ ಗೆಳೆಯ ಒಂದು ಅಂಗಡಿಯಲ್ಲಿ ನೋಡಲು ಹಾಗೇ ಇದ್ದ ಜೋಡಿ ಕೊಂಡ. ಎರಡನೇ ಒಗೆತಕ್ಕೇ ಬಣ್ಣ ಹೋಯಿತು. ಈ ವಿನ್ಯಾಸದ ಹಕ್ಕನ್ನು ಸೇನೆ 2022ರಲ್ಲೇ ನೋಂದಾಯಿಸಿದೆ, ಅನುಮತಿ ಇಲ್ಲದವರು ಅದನ್ನು ತಯಾರಿಸುವಂತಿಲ್ಲ. ನಕಲಿ ಮಾರುವವರನ್ನು ಹಿಡಿಯಲಿ, ಖಂಡಿತ ಹಿಡಿಯಲಿ. ಜೊತೆಗೆ ಹುಡುಗ ಆ ಅಂಗಡಿ ಬಾಗಿಲಿಗೆ ಯಾಕೆ ಹೋದ ಅಂತಲೂ ಕೇಳಬೇಕು ಅಲ್ವಾ?

ಸಿಯಾಚಿನ್, ಲಡಾಖ್‌ನಂಥ ಕಡೆ ಇದು ಬರೀ ತೇಪೆಯ ಮಾತಲ್ಲ. ಅಲ್ಲಿನ ಸೈನಿಕರಿಗೆ ಹಿಮದ ಕನ್ನಡಕ, ಬೂಟು ಸಾಕಷ್ಟು ಸಿಗದೆ, ಹಳೆಯ ಬೂಟುಗಳನ್ನೇ ಸರಿಮಾಡಿ ಮತ್ತೆ ಕೊಟ್ಟದ್ದನ್ನು 2020ರಲ್ಲಿ ಸಂಸತ್ತಿನ ಮುಂದೆ ಬಂದ, ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿಯ ವರದಿಯೇ ಹೇಳಿದೆ. ಅದನ್ನು ಓದಿದ ದಿನ ಅಪ್ಪ ಊಟ ಮಾಡಲಿಲ್ಲ.

ನಾನು ಕೇಳುವುದು ಇಷ್ಟೇ. ಫೀಲ್ಡ್‌ನಲ್ಲಿರುವವರ ಬಟ್ಟೆಗೆ ತಿಂಗಳ ಲೆಕ್ಕ ಬೇಡ. ಹರಿದದ್ದನ್ನು ತೋರಿಸಿದರೆ ಹೊಸದು ಸಿಗಲಿ. ಮೊಣಕಾಲು, ಮೊಣಕೈಗೆ ಇನ್ನೊಂದು ಪದರ ಬಟ್ಟೆ ಕೊಡಲಿ. ಮುಂದಿನ ಸಲ ಆಯುಷ್ಯ ಎಷ್ಟು ತಿಂಗಳು ಅಂತ ಬರೆಯುವ ಮುಂಚೆ, ಒಂದು ಫೀಲ್ಡ್ ಕಂಪನಿಯ, ಅಂದರೆ ಸೇನೆಯ ತುಕಡಿಯ, ಹಳೆಯ ಪ್ಯಾಂಟುಗಳನ್ನೆಲ್ಲ ತರಿಸಿಕೊಳ್ಳಲಿ. ನಮ್ಮ ಟೈಲರ್ ಹಿಡಿದ ಹಾಗೆ, ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಲಿ.