ಆ ನಾಲ್ಕು ಸಾಲು ನಮಗೆ ಯಾಕೆ ಕಳಿಸಲಿಲ್ಲ?

ನಮ್ಮ ಶಾಲೆಯ ವೆಬ್‌ಸೈಟಿಗೆ ಹೋಸ್ಟಿಂಗ್, ಅಂದರೆ ಸರ್ವರಿನಲ್ಲಿ ಬಾಡಿಗೆ ಜಾಗ, ಕೊಡುವವನು ರಾಕೆಟಿನ ಚಿತ್ರ ಹಾಕಿದ್ದ ಮಾರಾಯ್ರೆ. ನೀಲಿ ಪೋಸ್ಟರ್, ಬೆಂಕಿ ಉಗುಳುವ ರಾಕೆಟ್, ಕೆಳಗೆ ದಪ್ಪ ಅಕ್ಷರದಲ್ಲಿ "ನಮ್ಮ ಸರ್ವರ್‌ಗಳು ಈಗ ಇನ್ನಷ್ಟು ವೇಗ! ಎನ್‌ವಿಎಂಇ ಬಂದಿದೆ!" ಎನ್‌ವಿಎಂಇ ಅಂದರೆ ವೇಗದ ಒಂದು ಬಗೆಯ ಡಿಸ್ಕ್. ವಾಟ್ಸಾಪಿನಲ್ಲಿ ಬಂತು. ನಾನು ಕೈಮುಗಿಯುವ ಇಮೋಜಿ ಕಳಿಸಿದೆ. ಇನ್ನೆಂತ ಕಳಿಸುವುದು? ಅದರಲ್ಲಿ ಬೇರೆ ಏನೂ ಇರಲಿಲ್ಲ.

ನಿನ್ನೆ ಸಂಜೆಯಿಂದ ಊಟ ಸೇರುತ್ತಿಲ್ಲ. ಕಣ್ಣು ಮುಚ್ಚಿದರೆ ಆ ಪರದೆಯೇ ಕಾಣುತ್ತದೆ.

ಶಾಲೆಯ ಹಾಲ್. ಪೆರ್ಲ, ಬದಿಯಡ್ಕ, ನೀರ್ಚಾಲು ಕಡೆಯ ಹಳೆ ವಿದ್ಯಾರ್ಥಿಗಳೆಲ್ಲ ಬಂದಿದ್ದರು. ಮುಂದಿನ ಸಾಲಿನಲ್ಲಿ ಮಾಷ್ಟ್ರು. 1956ರಲ್ಲಿ ಅವರು ಐದನೇ ಕ್ಲಾಸಿನಲ್ಲಿದ್ದವರು. ಆ ನವೆಂಬರ್ 1ಕ್ಕೆ ನಮ್ಮ ಕಾಸರಗೋಡು ಕೇರಳಕ್ಕೆ ಸೇರಿದಾಗ ಕ್ಲಾಸಿನಲ್ಲಿ ಏನಾಯಿತು, ಮನೆಯಲ್ಲಿ ಹಿರಿಯರು ಏನು ಮಾತಾಡಿಕೊಂಡರು ಎಂದು ಕೈಯಲ್ಲಿ ಬರೆದುಕೊಟ್ಟಿದ್ದರು. ನಾನು ಟೈಪ್ ಮಾಡಿ ಶಾಲೆಯ ವೆಬ್‌ಸೈಟಿಗೆ ಹಾಕಿದ್ದೆ. ಅದನ್ನು ಪ್ರೊಜೆಕ್ಟರಿನಲ್ಲಿ ತೋರಿಸಿ ಒಂದು ಪ್ಯಾರಾ ಓದೋಣ ಎಂದದ್ದೂ ನಾನೇ. ಮೊದಲ ಪುಟ ಸರಿಯಾಗಿ ತೆರೆಯಿತು. ಅಲ್ಲಿ ಶಾಲೆಯ ಹೆಸರು ಫೋಟೋದ ಒಳಗೇ ಇದೆ, ಹಾಗಾಗಿ ಹೆಸರು ಉಳಿದಿತ್ತು. ಮಾಷ್ಟ್ರ ಬರಹ ಒತ್ತಿದೆ.

ಪ್ರಶ್ನಾರ್ಥಕ ಚಿಹ್ನೆಗಳು. ಪರದೆಯ ಈ ತುದಿಯಿಂದ ಆ ತುದಿಗೆ ಬರೀ ಅದೇ. ಮಧ್ಯದಲ್ಲಿ 1956 ಎಂಬ ಅಂಕಿ ಮಾತ್ರ ಉಳಿದಿತ್ತು. ??????? 1956 ????? ಹೀಗೆ.

ಯಾರೂ ಮಾತಾಡಲಿಲ್ಲ. ನಾನು ಕೆಳಗೆ ಎಳೆದೆ, ಅಲ್ಲೂ ಅದೇ. ಹಿಂದೆ ಹೋಗಿ ಇನ್ನೊಂದು ಲೇಖನ ತೆರೆದೆ, ಅಲ್ಲೂ ಅದೇ. ಅತಿಥಿಯಾಗಿ ಬಂದಿದ್ದ ಮಲಯಾಳಿ ಅಧಿಕಾರಿ ಪಕ್ಕದವರ ಹತ್ತಿರ ಮೆಲ್ಲ ಕೇಳಿದರು, "ಇದ್ ಏದಾ ಭಾಷ?" (ಇದು ಯಾವ ಭಾಷೆ?) ತಮಾಷೆಗಲ್ಲ, ಪಾಪ, ನಿಜವಾಗಿಯೂ ಗೊತ್ತಾಗದೆ ಕೇಳಿದ್ದು. ಮೆಲ್ಲ ಕೇಳಿದ್ದಾದರೂ ಹಾಲಿಗೆಲ್ಲ ಕೇಳಿಸಿತು. ಮಾಷ್ಟ್ರು ಕನ್ನಡಕ ತೆಗೆದರು, ಒರೆಸಿದರು, ಪುನಃ ಹಾಕಿಕೊಂಡು ಪರದೆ ನೋಡಿದರು. ತಮ್ಮ ಕಣ್ಣೇ ಸರಿ ಇಲ್ಲ ಎಂದುಕೊಂಡಿದ್ದರು ಅವರು. ಬೋರ್ಡಿನಲ್ಲಿ ಕನ್ನಡ ಇರಲಿ, ಅರ್ಜಿಯಲ್ಲಿ ಕನ್ನಡ ಇರಲಿ, ಪ್ರಶ್ನೆಪತ್ರಿಕೆ ಕನ್ನಡದಲ್ಲಿ ಕೊಡಿ ಎಂದು ಇಷ್ಟು ವರ್ಷ ಕೇಳುತ್ತಲೇ ಬಂದವರು. ಅವರ ಬರಹಕ್ಕೆ ಈ ಗತಿ, ಅವರ ಶಾಲೆಯಲ್ಲೇ, ನನ್ನ ಕೈಯಿಂದ.

ಹೊರಗೆ ಬಂದು ಆ ರಾಕೆಟಿನವನಿಗೆ ಫೋನ್ ಮಾಡಿದೆ. ಆ ಮನುಷ್ಯ ಹೇಳಿದ್ದೇನು ಗೊತ್ತಾ? "ಮೇಡಂ, ಅದು ನಮ್ಮದಲ್ಲ, ಮೇಲಿನವರ ಸರ್ವರ್ ಬದಲಾವಣೆ." ಮೇಲಿನವರು ಅಂದರೆ ಸರ್ವರ್ ನಿಜವಾಗಿ ಇಟ್ಟುಕೊಂಡ ಕಂಪೆನಿ; ಇವನು ಅವರಿಂದ ಜಾಗ ತೆಗೆದು ನಮಗೆ ಮಾರುವ ರೀಸೆಲ್ಲರ್. ಓಹೋ. ರಾಕೆಟ್ ಹಾರಿಸುವಾಗ "ನಮ್ಮ ಸರ್ವರ್", ಅಕ್ಷರ ಹಾಳಾದಾಗ ಮೇಲಿನವರದ್ದು! ತನ್ನ ತಪ್ಪಿಲ್ಲ ಎಂದು ತೋರಿಸಲು ಮೇಲಿನವರು ಕಳಿಸಿದ್ದ ಇಮೇಲನ್ನೇ ನನಗೆ ಫಾರ್ವರ್ಡ್ ಮಾಡಿದ. ಅದನ್ನು ಓದಿದ ಮೇಲೆ ನನಗೆ ಕೈ ನಡುಗಿತು. ಎಲ್ಲವೂ ಇತ್ತು ಅದರಲ್ಲಿ. ಯಾವ ರಾತ್ರಿ ಸ್ಥಳಾಂತರ, ಹಳೆಯ ಐಪಿ (ಸರ್ವರಿನ ವಿಳಾಸದ ನಂಬರು) ಯಾವುದು, ಹೊಸದು ಯಾವುದು. ಡೇಟಾಬೇಸಿನ (ಸೈಟಿನ ಬರಹಗಳೆಲ್ಲ ಇರುವ ಉಗ್ರಾಣದ) ಆವೃತ್ತಿ ಬದಲಾಗುತ್ತದೆ, ಇಂಗ್ಲಿಷ್ ಅಲ್ಲದ ಭಾಷೆಯ ಸೈಟುಗಳವರು ಕ್ಯಾರೆಕ್ಟರ್ ಸೆಟ್ (ಯಾವ ಅಕ್ಷರಗಳನ್ನು ಉಳಿಸಬಹುದು ಎಂಬ ಪಟ್ಟಿ) ನೋಡಿಕೊಳ್ಳಿ. ಹಳೆಯ ಸರ್ವರ್ ಏಳು ದಿನ ಇರುತ್ತದೆ, ತೊಂದರೆ ಕಂಡರೆ ಅಷ್ಟರೊಳಗೆ ಹೇಳಿ. ನಾಲ್ಕೇ ಸಾಲು. ಸ್ಥಳಾಂತರಕ್ಕೆ 20 ದಿನ ಮೊದಲೇ ಬಂದ ಇಮೇಲ್ ಅದು. ಆ ನಾಲ್ಕು ಸಾಲು ತೆಗೆದುಹಾಕಿ, ಆ ಜಾಗಕ್ಕೆ ರಾಕೆಟ್ ಇಟ್ಟಿದ್ದಾನೆ.

ಸ್ಥಳಾಂತರ ಆಗಿ ನಿನ್ನೆಗೆ ಒಂಬತ್ತನೇ ದಿನ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಹಳೆಯ ಡೇಟಾಬೇಸಿನಿಂದ ಹೊಸದಕ್ಕೆ ಸಾಗಿಸುವಾಗ ನಡುವೆ ಎಲ್ಲೋ ಕ್ಯಾರೆಕ್ಟರ್ ಸೆಟ್ ಲ್ಯಾಟಿನ್1 ಎಂದು ಸೆಟ್ ಆಗಿದೆ. ಅದರಲ್ಲಿ 256 ಚಿಹ್ನೆಗಳಿಗಷ್ಟೇ ಜಾಗ. ಇಂಗ್ಲಿಷ್ ಅಕ್ಷರ, ಅಂಕಿ ಎಲ್ಲ ಹಿಡಿಯುತ್ತದೆ. ಕನ್ನಡಕ್ಕೆ ಜಾಗವೇ ಇಲ್ಲ, ಹಾಗಾಗಿ ಅಕ್ಷರಗಳ ಬದಲು ಪ್ರಶ್ನಾರ್ಥಕ ಚಿಹ್ನೆಗಳು ಕೂರುತ್ತವೆ. ಅಕ್ಷರಗಳು ಕಲಸಿ ವಿಚಿತ್ರವಾಗಿ ಕಂಡರೆ ಎಷ್ಟೋ ಸಲ ಸರಿಪಡಿಸಬಹುದು. ಪ್ರಶ್ನಾರ್ಥಕ ಚಿಹ್ನೆಯೇ ಬರೆದು ಹೋದರೆ ಮುಗಿಯಿತು. ಅಲ್ಲಿ ಮೊದಲು ಇದ್ದದ್ದು ಕ ಅಕ್ಷರವೋ ಳ ಅಕ್ಷರವೋ ಎಂದು ಯಾರಿಂದಲೂ ಹೇಳಲಾಗದು.

ಬ್ಯಾಕಪ್ ನಾನೇ ತೆಗೆದಿಡಬೇಕಿತ್ತು, ಒಪ್ಪುತ್ತೇನೆ. ನನ್ನ ಹತ್ತಿರ ಇರುವುದು ಎರಡು ವರ್ಷ ಹಳೆಯದು. ಮಾಷ್ಟ್ರ ಬರಹ ಅದರ ನಂತರದ್ದು. ಹಳೆಯ ವೆಬ್ ಪುಟಗಳ ಪ್ರತಿ ಇಟ್ಟುಕೊಳ್ಳುವ ಇಂಟರ್ನೆಟ್ ಆರ್ಕೈವಿನಲ್ಲಿ ರಾತ್ರಿಯೆಲ್ಲ ಹುಡುಕಿದೆ, ನಮ್ಮ ಮೊದಲ ಪುಟ ಬಿಟ್ಟರೆ ಏನೂ ಇಲ್ಲ.

ಇಷ್ಟಕ್ಕೂ ರೀಸೆಲ್ಲಿಂಗ್ ತಪ್ಪು ಎಂದು ನಾನು ಹೇಳುವುದಿಲ್ಲ. ನಮ್ಮ ಪೇಟೆಯ ಅಂಗಡಿಯವರು ಅಕ್ಕಿ ಬೆಳೆಯುತ್ತಾರಾ? ಇಲ್ಲ. ಆದರೆ ಮೂಟೆ ಬದಲಾದರೆ ಹೇಳುತ್ತಾರೆ, "ಅಕ್ಕಾ, ಈ ಸಲದ ಕುಚ್ಚಲಕ್ಕಿ ಬೇರೆ ಮಿಲ್ಲಿನದ್ದು, ಬೇಯಲು ಸ್ವಲ್ಪ ಜಾಸ್ತಿ ಹೊತ್ತು ಬೇಕು." ಇಷ್ಟೇ ನಾನು ಕೇಳುವುದು. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗಿನಲ್ಲಿ ಓವಿಎಚ್ ಎಂಬ ಹೋಸ್ಟಿಂಗ್ ಕಂಪೆನಿಯ ಡೇಟಾ ಸೆಂಟರೇ (ಸರ್ವರುಗಳಿರುವ ಕಟ್ಟಡವೇ) ಸುಟ್ಟುಹೋಯಿತು. ಅಂಥ ಹೊತ್ತಲ್ಲೂ ಅದರ ಸ್ಥಾಪಕರೇ ಟ್ವಿಟರಿನಲ್ಲಿ ಬೆಂಕಿ ಬಿದ್ದಿದೆ, ನಿಮ್ಮ ತುರ್ತು ವ್ಯವಸ್ಥೆ ಶುರುಮಾಡಿಕೊಳ್ಳಿ ಎಂದು ಗ್ರಾಹಕರಿಗೆ ನೇರವಾಗಿ ಬರೆದರು. ಇಲ್ಲಿ ಬೆಂಕಿಯೂ ಬಿದ್ದಿರಲಿಲ್ಲ. 20 ದಿನ ಸಮಯ ಇತ್ತು.

ಹೋಗಲಿ ಬಿಡಿ. ಅವನೂ ಸಣ್ಣ ವ್ಯಾಪಾರದವನು. ಮೇಲಿನವರ ಹೆಸರು ಹೇಳಿದರೆ ಗಿರಾಕಿಗಳು ನೇರ ಅಲ್ಲಿಗೇ ಹೋಗುತ್ತಾರೆ ಎಂಬ ಹೆದರಿಕೆ ಇರುತ್ತದೆ. 2019ರಲ್ಲಿ ಹೋಸ್ಟಿಂಗ್ ನಿರ್ವಹಿಸುವ ತಂತ್ರಾಂಶ ಮಾಡುವ ಸಿಪ್ಯಾನೆಲ್‌ನವರು ಖಾತೆಗಳ ಲೆಕ್ಕದಲ್ಲಿ ದರ ಹಾಕಲು ಶುರುಮಾಡಿದಾಗ ಇಂಥವರಿಗೆ ದೊಡ್ಡ ಪೆಟ್ಟು ಬಿದ್ದಿತ್ತು, ನನಗೆ ಗೊತ್ತು.

ಇಲ್ಲ, ಬಿಡುವುದಿಲ್ಲ. ಆಗ ಅವನ ಮೆಸೇಜ್ ಎಷ್ಟು ಸ್ಪಷ್ಟ ಇತ್ತು! ಯಾರು ದರ ಏರಿಸಿದ್ದು, ಯಾವ ತಾರೀಖಿನಿಂದ, ನಮಗೆ ಎಷ್ಟು ಜಾಸ್ತಿ, ಎಲ್ಲ ಬರೆದಿದ್ದ. ದುಡ್ಡು ಕೇಳುವಾಗ ಮೇಲಿನವರ ಹೆಸರು ಹೇಳಲು ಹೆದರಿಕೆ ಇಲ್ಲ, ಅಲ್ವಾ? ಹೆಸರು ಬೇಡ ಮಾರಾಯ, ಗುಟ್ಟಾಗಿಯೇ ಇಟ್ಟುಕೋ. ತಾರೀಖು, ಹಳೆಯ ನಂಬರು, ಹೊಸ ನಂಬರು, ನಾವು ಏನು ನೋಡಿಕೊಳ್ಳಬೇಕು ಎಂದಷ್ಟು ಹೇಳಲು ಏನು ಕಷ್ಟ ಇತ್ತು?

ಹೋಸ್ಟಿಂಗ್ ವ್ಯಾಪಾರ ಮಾಡುವವರು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ಉತ್ತರ ಕೊಡಿ. ಆ ಇಮೇಲ್ ಬಂದಾಗ ನೀವು ಏನು ಮಾಡುತ್ತೀರಿ? ಪೋಸ್ಟರ್ ಮಾಡಲು ಕೂರುವಾಗ ಆ ನಾಲ್ಕು ಸಾಲು ಕಣ್ಣಿಗೆ ಬೀಳುವುದೇ ಇಲ್ಲವಾ? ಸುಮ್ನೆ ಬೈಯಲು ಕೇಳುತ್ತಿಲ್ಲ. ನಿಜವಾಗಿ ತಿಳಿಯಬೇಕು ನನಗೆ.

ಮುಂದಿನ ತಿಂಗಳು ನವೀಕರಣ. ಬೇರೆ ಕಡೆ ಹೋಗಬೇಕು. ಬೇರೆ ಕಡೆಯವನೂ ರೀಸೆಲ್ಲರೇ ಆಗಿರುತ್ತಾನೋ ಏನೋ, ಕೇಳಿದರೆ ಹೇಳುತ್ತಾರಾ? ಕೊನೆಗೆ ಇವನಿಗೇ ಕಟ್ಟಿದರೂ ಕಟ್ಟಿದೆ. ಸಾಕಾಗಿದೆ ನನಗೆ.

ಬೆಳಗ್ಗೆ ಮಾಷ್ಟ್ರಿಗೆ ಫೋನ್ ಮಾಡಿ ಕೈಬರಹದ ಹಾಳೆ ಇದೆಯಾ ಎಂದು ಕೇಳಿದೆ. "ನೀನು ಕಂಪ್ಯೂಟರಿನಲ್ಲಿ ಹಾಕಿದ್ದೀಯಲ್ಲ ಮಗಳೇ, ಇನ್ನು ಇದೆಂತಕ್ಕೆ ಎಂದು ಬಚ್ಚಲ ಒಲೆಗೆ ಹಾಕಿದೆ" ಎಂದರು. ಆಮೇಲೆ ಅವರೇ ನನ್ನನ್ನು ಸಮಾಧಾನ ಮಾಡಿದರು. ಈಗ ಕೈ ನಡುಗುತ್ತದೆ, ಬರೆಯಲಾಗುವುದಿಲ್ಲ, ಬಾಯಲ್ಲಿ ಹೇಳುತ್ತೇನೆ, ಬರೆದುಕೋ ಎಂದರು. ಭಾನುವಾರ ಅವರ ಮನೆಗೆ ಹೋಗುತ್ತಿದ್ದೇನೆ. ಇನ್ನೂರು ಪುಟದ ನೋಟ್‌ಬುಕ್ ತಂದಿಟ್ಟಿದ್ದೇನೆ. ಈ ಸಲ ಮೊದಲು ಕಾಗದದಲ್ಲಿ.